ನಿಧಿಯೋ, ನಿಕ್ಷೇಪವೋ

ಕನ್ನಡನಾಡಿನ ಪ್ರಾಚೀನ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಪರಿಚಿತವಾಗಿರುತ್ತದೆ. ಅರಸನು ಒಂದು ಗ್ರಾಮವನ್ನು ದಾನವಾಗಿ ಕೊಡುವಾಗ ಕಣ್ಣಿಗೆ ಕಾಣುವ ಹೊಲಗದ್ದೆಗಳನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣವೇ ಮೊದಲಾದ ಎಂಟು ಬಗೆಯ ಭೋಗಗಳನ್ನೂ ಸೇರಿಸಿ ಧಾರೆಯೆರೆಯುತ್ತಿದ್ದನು. ನಿಧಿ, ನಿಕ್ಷೇಪ ಎಂಬ ಮಾತುಗಳು ಹೀಗೆ ಅಕ್ಕಪಕ್ಕದಲ್ಲಿ ಕುಳಿತಿರುವುದರಿಂದ ಎರಡಕ್ಕೂ ಅರ್ಥ ಒಂದೇ ಎಂದು ತೋರಬಹುದು. ಆದರೆ ಧರ್ಮಶಾಸ್ತ್ರಕಾರರು ವ್ಯವಹಾರವನ್ನು ನಿರ್ಣಯಿಸುವಲ್ಲಿ ನಿಕ್ಷೇಪಕ್ಕೆ ಬೇರೊಂದು ಅರ್ಥವನ್ನು ಇಟ್ಟಿದ್ದಾರೆ. ಒಬ್ಬನು ಇನ್ನೊಬ್ಬನನ್ನು ನಂಬಿ ಅವನ ವಶದಲ್ಲಿ ಇಟ್ಟುಹೋದ ಸ್ವತ್ತು ನಿಕ್ಷೇಪ. ನಿಧಿಗೆ ಒಡೆಯನು ಯಾರೆಂದು ತಿಳಿಯದು. ಕಂಡವನು ಅದರಲ್ಲಿ ಪಾಲು ಕೇಳಬಹುದು. ನಿಕ್ಷೇಪಕ್ಕೆ ಒಡೆಯನುಂಟು, ಅವನಾಗಲಿ ಅವನ ಮಕ್ಕಳಾಗಲಿ ಬಂದು ಕೇಳಿದ ದಿನ ಅದನ್ನು ಹಿಂದಿರುಗಿಸಬೇಕು.

೧೯೩೯ರಿಂದ ೧೯೪೫ರವರೆಗೆ ನಡೆದ ಎರಡನೆಯ ಮಹಾಯುದ್ಧವು ಭೂಮಿಯ ವಶಕ್ಕೆ ಹಿಂದೆಂದೂ ಇಲ್ಲದ ಒಂದು ವಸ್ತುವನ್ನು ಒಪ್ಪಿಸಿತು. ಆಕಾಶದಲ್ಲಿ ಹಾರುವುದಕ್ಕೆಂದು ಮಾಡಿದ ವಿಮಾನಗಳು ಸಾವಿರಾರು ಸಂಖ್ಯೆಯಲ್ಲಿ ಕೆಳಗೆ ಬಿದ್ದು ಹೊಲಗಳಲ್ಲಿ, ಜವುಗುಗಳಲ್ಲಿ, ಕಡಲತೀರದ ಮರಳಿನಲ್ಲಿ, ದುರ್ಗಮವಾದ ಕಾಡುಗಳಲ್ಲಿ ಅಡಗಿಹೋದವು. ಅವುಗಳಲ್ಲಿ ಹಲವನ್ನು ಆಗಲೇ ತೆಗೆದು ಕರಗಿಸಿದರು, ಉಳಿದವನ್ನು ಮರೆತರು. ಯುದ್ಧ ಮುಗಿದು ಒಂದು ತಲೆಮಾರು ಕಳೆದಮೇಲೆ ಅವನ್ನು ಹುಡುಕಿ ತೆಗೆಯುವ ಕೆಲಸ ಮೊದಲಾಯಿತು. ಅದು ಇಂದು ಕೆಲವರಿಗೆ ಹವ್ಯಾಸ, ಕೆಲವರಿಗೆ ವ್ಯಾಪಾರ, ಕೆಲವರಿಗೆ ಶಾಸ್ತ್ರೀಯ ವ್ಯಾಸಂಗ, ಮತ್ತೆ ಕೆಲವರಿಗೆ ಪಿತೃಕಾರ್ಯಕ್ಕೆ ಸಮಾನವಾದ ಕರ್ತವ್ಯ. ಗುದ್ದಲಿ ಹಿಡಿದವನು ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಆ ಹಳೆಯ ಶಾಸನಗಳ ಮಾತಿನಲ್ಲಿಯೇ ಇದೆ: ಈ ನೆಲದಲ್ಲಿರುವುದು ನಿಧಿಯೋ, ನಿಕ್ಷೇಪವೋ?

ವಿಮಾನವು ಹೂತುಹೋಗುವುದು ಹೇಗೆಂದು ಸಂದೇಹ ಬರುವುದು ಸಹಜ. ೧೯೪೦ನೆಯ ಇಸವಿಯ ಬೇಸಗೆಯಲ್ಲಿ ಇಂಗ್ಲೆಂಡಿನ ದಕ್ಷಿಣ ಭಾಗದ ಆಕಾಶದಲ್ಲಿ ನಡೆದ ಕಾಳಗವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂದಿನ ಸ್ಪಿಟ್‌ಫೈರ್, ಹರಿಕೇನ್ ಎಂಬ ಕಾದಾಟದ ವಿಮಾನಗಳ ಮೂತಿಯಲ್ಲಿ ಮರ್ಲಿನ್ ಎಂಬ ಎಂಜಿನ್ ಇರುತ್ತಿತ್ತು. ಅದೊಂದರ ತೂಕವೇ ಆರುನೂರು ಕಿಲೋಗ್ರಾಂಗೂ ಮಿಗಿಲು. ಚಾಲಕನು ಗುಂಡು ತಗುಲಿ ಸತ್ತು ಅಥವಾ ಪ್ರಜ್ಞೆ ತಪ್ಪಿ ಕುಳಿತಲ್ಲಿಯೇ ಕುಸಿದಾಗ ವಿಮಾನವು ಮೂತಿಯನ್ನು ಕೆಳಗೆ ಮಾಡಿಕೊಂಡು ನೆಟ್ಟಗೆ ಇಳಿಯುತ್ತಿತ್ತು. ನೆಲ ಗಟ್ಟಿಯಾಗಿದ್ದರೆ ಪುಡಿಪುಡಿಯಾಗುತ್ತಿತ್ತು. ಜೇಡಿಮಣ್ಣಿನ ಜವುಗಾಗಿದ್ದರೆ ರೆಕ್ಕೆಗಳು ಮೇಲೆಯೇ ಮುರಿದು ಚೆಲ್ಲಿ, ಎಂಜಿನ್ನೂ ಅದರ ಹಿಂದಿದ್ದ ಚಾಲಕನ ಗೂಡೂ ಮೊಳೆ ಹೊಡೆದಂತೆ ಹಲವು ಮೀಟರುಗಳ ಆಳಕ್ಕೆ ಹೋಗಿಬಿಡುತ್ತಿದ್ದವು. ಮೇಲಿನ ಕೆಸರು ತಾನಾಗಿಯೇ ಕೂಡಿಕೊಂಡು ಗುಳಿಯನ್ನು ಮುಚ್ಚುತ್ತಿತ್ತು. ಮರುದಿನ ಬಂದು ನೋಡಿದವರಿಗೆ ಕಾಣುತ್ತಿದ್ದುದು ನೀರು ತುಂಬಿದ ಒಂದು ಹೊಂಡ, ಸುತ್ತ ಚದರಿದ ತಗಡಿನ ಚೂರುಗಳು, ಅಷ್ಟೆ.

ಬಿದ್ದ ವಿಮಾನಗಳನ್ನು ಎತ್ತಿ ಸಾಗಿಸುವುದಕ್ಕೆಂದೇ ಬ್ರಿಟಿಷ್ ವಾಯುಸೇನೆಯಲ್ಲಿ ತಂಡಗಳಿದ್ದವು. ಸಸೆಕ್ಸ್ ಪ್ರಾಂತದ ಫೇಗೇಟ್ ಎಂಬಲ್ಲಿ ನೆಲೆಸಿದ್ದ ೪೯ನೆಯ ನಿರ್ವಹಣಾ ಘಟಕವು ಅಂಥವುಗಳಲ್ಲಿ ಒಂದು. ದಿನದಿನವೂ ಹೊಸ ವಿಮಾನಗಳು ಬೀಳುತ್ತಿದ್ದ ಆ ತಿಂಗಳುಗಳಲ್ಲಿ ಅವರ ಪಾಲಿಗೆ ಬಿಡುವೆಂಬುದಿರಲಿಲ್ಲ. ದುರಸ್ತಿಗೆ ಒದಗುವುದನ್ನು ಮೊದಲು ಎತ್ತಬೇಕು; ರಸ್ತೆಗೆ, ರೈಲುದಾರಿಗೆ ಅಡ್ಡಬಿದ್ದುದನ್ನು ತೆಗೆಯಬೇಕು; ಶತ್ರುವಿನ ವಿಮಾನದಲ್ಲಿ ಹೊಸ ಉಪಕರಣವೇನಾದರೂ ಇದ್ದರೆ ಪರೀಕ್ಷಕರಿಗೆ ತಲುಪಿಸಬೇಕು. ಹತ್ತಾರು ಅಡಿ ಕೆಳಗೆ ಹೋದ ಎಂಜಿನ್ನಿಗಾಗಿ ನೀರು ಉಕ್ಕುವ ಕೆಸರಿನಲ್ಲಿ ದಿನಗಟ್ಟಲೆ ಅಗೆಯುವುದಕ್ಕೆ ಆಳುಗಳೆಲ್ಲಿ, ಸಮಯವೆಲ್ಲಿ? ಎಷ್ಟೋ ಕಡೆ ಮೇಲಿನ ಚೂರುಗಳನ್ನು ಆರಿಸಿಕೊಂಡು, ಹೊಂಡಕ್ಕೆ ಮಣ್ಣು ತುಂಬಿಸಿ ಹೊರಟುಹೋದರು. ಒಳಗೆ ಮನುಷ್ಯನಿರುವನೆಂದು ತಿಳಿದಿದ್ದೂ ತೆಗೆಯಲಾಗದೆ ಬಿಟ್ಟ ಸಂದರ್ಭಗಳುಂಟು. ಅದನ್ನು ಹೃದಯಹೀನತೆ ಎನ್ನುವುದು ನ್ಯಾಯವಲ್ಲ. ಸತ್ತವರಿಗೆ ಸಲ್ಲಬೇಕಾದುದನ್ನು ಸಲ್ಲಿಸಲಾಗದಷ್ಟು ಬದುಕಿದವರ ಗೋಳು ಹೆಚ್ಚಾಗಿತ್ತು.

ಎತ್ತಿದುದೆಲ್ಲ ಎಲ್ಲಿಗೆ ಹೋಯಿತು? ಬಹುಭಾಗ ಆಕ್ಸ್‌ಫರ್ಡಿನ ಬಳಿಯ ಕೌಲೀ ಎಂಬ ಸ್ಥಳಕ್ಕೆ. ಅಲ್ಲಿ ಮುರಿದ ವಿಮಾನಗಳನ್ನು ಗುಡ್ಡೆಹಾಕಿ, ಬೇಕಾದ ಭಾಗಗಳನ್ನು ಕಳಚಿ, ಉಳಿದುದನ್ನು ಕುಲುಮೆಗೆ ಹಾಕುತ್ತಿದ್ದರು. ಪಾಲ್ ನ್ಯಾಶ್ ಎಂಬ ಚಿತ್ರಕಾರನು ಆ ರಾಶಿಯನ್ನು ಬೆಳುದಿಂಗಳಲ್ಲಿ ಅಲೆಯೆದ್ದು ಹೆಪ್ಪುಗಟ್ಟಿದ ಸಮುದ್ರವೆಂಬಂತೆ ಕಂಡು ೧೯೪೦-೪೧ರಲ್ಲಿ ಒಂದು ಚಿತ್ರವನ್ನು ಬರೆದನು. ಅದಕ್ಕೆ 'ಮೃತಸಮುದ್ರ' ಎಂಬ ಅರ್ಥ ಬರುವ ಜರ್ಮನ್ ಹೆಸರನ್ನಿಟ್ಟನು. ಅದೇ ೧೯೪೦ರ ಜುಲೈ ತಿಂಗಳಲ್ಲಿ ವಿಮಾನ ತಯಾರಿಕೆಯ ಮಂತ್ರಿಯಾಗಿದ್ದ ಲಾರ್ಡ್ ಬೀವರ್‌ಬ್ರೂಕನ ಇಲಾಖೆಯು ಗೃಹಿಣಿಯರಿಗೆ ಒಂದು ವಿಜ್ಞಾಪನೆಯನ್ನು ಹೊರಡಿಸಿತು: ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಕೊಡಿರಿ, ಅವನ್ನು ವಿಮಾನಗಳನ್ನಾಗಿ ಮಾಡುವೆವು ಎಂದು. ಹೆಂಗಸರು ಬೋಗುಣಿ ಬಾಣಲೆಗಳನ್ನು ತಂದು ಸುರಿದರು. ಒಲೆಯ ಮೇಲಿದ್ದ ಲೋಹವು ಆಕಾಶಕ್ಕೆ ಏರುವುದು, ಆಕಾಶದಿಂದ ಬಿದ್ದ ಲೋಹವು ಕುಲುಮೆಗೆ ಹೋಗುವುದು, ಅಲ್ಲಿಂದ ಮತ್ತೆ ರೆಕ್ಕೆಯಾಗುವುದು: ಲೋಹಕ್ಕೆ ಹೀಗೆ ಜನ್ಮಾಂತರಗಳು ಕಾದಿದ್ದವು. ಚಾಲಕನಿಗೆ ಮಾತ್ರ ಅಂಥ ಅವಕಾಶವಿರಲಿಲ್ಲ.

ಯುದ್ಧ ಮುಗಿದು ಇಪ್ಪತ್ತು ಮೂವತ್ತು ವರ್ಷಗಳಾದಮೇಲೆ, ಬಾಲ್ಯದಲ್ಲಿ ಆ ಕಾಳಗವನ್ನು ತಲೆಯೆತ್ತಿ ನೋಡಿದ್ದವರೂ ಅವರ ಕಿರಿಯರೂ ಹೊಲಗಳಿಗೆ ಇಳಿದರು. ಅವರ ಉಪಕರಣಗಳು ಸರಳವಾದವು. ಮೊದಲನೆಯದು ಊರಿನ ಮುದುಕರ ನೆನಪು. ಎರಡನೆಯದು ಭೂಮಿಯ ಕಾಂತಕ್ಷೇತ್ರದಲ್ಲಿ ಉಂಟಾಗುವ ವ್ಯತ್ಯಾಸವನ್ನು ತೋರಿಸುವ ಯಂತ್ರ. ವಿಮಾನದ ಮೈಯಾದ ಅಲ್ಯೂಮಿನಿಯಮ್ಮಿಗೆ ಕಾಂತವು ಓಗೊಡುವುದಿಲ್ಲ. ಎಂಜಿನ್ನಿನೊಳಗಿನ ಉಕ್ಕು ಓಗೊಡುತ್ತದೆ. ಯಂತ್ರದ ಮುಳ್ಳು ಅಲುಗಿದ ಕಡೆ ಅಗೆಯುತ್ತ ಹೋದರೆ ಮಣ್ಣಿನ ಬಣ್ಣ ಬದಲಾಗುವುದು. ನೀಲಿಬೂದು ಬಣ್ಣದ ಜೇಡಿಯ ನಡುವೆ ಎಣ್ಣೆಯ, ಪೆಟ್ರೋಲಿನ ವಾಸನೆ ಏಳುವುದು. ಗಾಳಿಯಾಡದ ಜೇಡಿಮಣ್ಣು ಬಹಳ ನಂಬಿಕಸ್ಥನಾದ ಭಂಡಾರಿ. ತಗಡಿನ ಮೇಲಿನ ಬಣ್ಣ, ಚರ್ಮದ ಪಟ್ಟಿ, ಪ್ಯಾರಾಶೂಟಿನ ರೇಷ್ಮೆ, ಒಮ್ಮೊಮ್ಮೆ ಕಾಗದದ ತುಂಡು ಕೂಡ, ಇಟ್ಟವರು ನಿನ್ನೆ ಇಟ್ಟರೋ ಎಂಬಂತೆ ಹೊರಬರುತ್ತವೆ. ಕೊನೆಗೆ ಒಂದು ಸಣ್ಣ ಲೋಹದ ಫಲಕವೋ ಎಂಜಿನ್ನಿನ ಮೇಲೆ ಕೊರೆದ ಅಂಕೆಯೋ ಸಿಕ್ಕಿದರೆ ವಿಮಾನದ ಗುರುತು ಹತ್ತಿದಂತೆ.

ಗುರುತು ಹತ್ತಿದಾಗ ಏನಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಬಹುದು. ೧೯೪೦ನೆಯ ಸೆಪ್ಟೆಂಬರ್ ೭ರಂದು ಜರ್ಮನರು ಲಂಡನ್ ನಗರದ ಮೇಲೆ ಮೊದಲ ಬಾರಿಗೆ ದೊಡ್ಡ ಗುಂಪಾಗಿ ಬಂದು ಬಾಂಬುಗಳನ್ನು ಸುರಿಸಿದರು. ಅವರನ್ನು ಎದುರಿಸಲು ಹೋದ ೨೫೭ನೆಯ ತಂಡದ ಹ್ಯೂ ಬೆರೆಸ್‌ಫರ್ಡ್ ಎಂಬ ಚಾಲಕನು ಹಿಂದಿರುಗಲಿಲ್ಲ. ಅವನ ಹರಿಕೇನ್ ವಿಮಾನವು ಥೇಮ್ಸ್ ನದಿಯ ಮುಖದಲ್ಲಿರುವ ಶೆಪೀ ದ್ವೀಪದ ಜವುಗಿನಲ್ಲಿ ಇಳಿದುಹೋಯಿತು. ಮೂವತ್ತೊಂಬತ್ತು ವರ್ಷಗಳ ಕಾಲ ಅವನು ದಫ್ತರಿನಲ್ಲಿ 'ಕಾಣೆಯಾದವನು'. ೧೯೭೯ರಲ್ಲಿ ಆ ಜವುಗನ್ನು ಅಗೆದಾಗ ವಿಮಾನವೂ ಅದರೊಳಗೆ ಅವನೂ ಸಿಕ್ಕಿದರು. ಬ್ರುಕ್‌ವುಡ್ಡಿನ ಸೈನಿಕ ಸ್ಮಶಾನದಲ್ಲಿ ಅವನಿಗೆ ಸಕಲ ಗೌರವದಿಂದ ಅಂತ್ಯಕ್ರಿಯೆ ನಡೆಯಿತು. ಲಂಡನ್ನಿಗೆ ಪಶ್ಚಿಮದ ರನ್ನೀಮೀಡಿನಲ್ಲಿ ೧೯೫೩ರಲ್ಲಿ ಉದ್ಘಾಟನೆಯಾದ ಒಂದು ಸ್ಮಾರಕವಿದೆ. ಗೋರಿಯೇ ಇಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ವಾಯುಸೈನಿಕರ ಹೆಸರುಗಳನ್ನು ಅಲ್ಲಿ ಕೆತ್ತಿದೆ. ಅಷ್ಟು ಹೆಸರುಗಳಲ್ಲಿ ಒಂದಕ್ಕೆ ನೆಲೆ ದೊರೆಯಿತೆಂದರೆ ಲೆಕ್ಕದಲ್ಲಿ ಅದು ಅಲ್ಪವೇ ಸರಿ. ಆದರೆ ಮಗನಿಗೆ ಏನಾಯಿತೆಂದು ತಿಳಿಯದೆ ಬಾಗಿಲ ಕಡೆ ನೋಡುತ್ತ ಮುದುಕರಾದವರ ಮನೆಯಲ್ಲಿ ಅದರ ತೂಕವೇ ಬೇರೆ.

ಎಲ್ಲ ಅಗೆತವೂ ಹೀಗೆ ಗೌರವದಿಂದ ನಡೆಯಿತೆಂದು ಹೇಳುವಂತಿಲ್ಲ. ಎಂಜಿನ್ನಿನ ಬೆಲೆಗಾಗಿ, ಚಾಲಕನ ಗಡಿಯಾರ ಪದಕಗಳಿಗಾಗಿ ಅಗೆದವರೂ ಇದ್ದರು. ಸಿಡಿಯದೆ ಉಳಿದ ಮದ್ದುಗುಂಡುಗಳ ಅಪಾಯ ಬೇರೆ. ಆದಕಾರಣ ಬ್ರಿಟಿಷ್ ಸರ್ಕಾರವು ೧೯೮೬ರಲ್ಲಿ ಸೈನಿಕ ಅವಶೇಷಗಳ ರಕ್ಷಣೆಗೆ ಒಂದು ಶಾಸನವನ್ನು ಮಾಡಿತು. ಆ ದೇಶದಲ್ಲಿ ಬಿದ್ದ ಸೈನಿಕ ವಿಮಾನ ಯಾವುದೇ ಇರಲಿ, ಯಾರ ಹೊಲದಲ್ಲಿಯೇ ಇರಲಿ, ರಕ್ಷಣಾಮಂತ್ರಿಯ ಇಲಾಖೆಯ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಒಳಗೆ ಮನುಷ್ಯನ ಅವಶೇಷವಾಗಲಿ ಸಿಡಿಮದ್ದಾಗಲಿ ಇರಬಹುದೆಂದು ಕಂಡರೆ ಸಾಮಾನ್ಯವಾಗಿ ಅಪ್ಪಣೆ ದೊರೆಯುವುದಿಲ್ಲ. ಎಂದರೆ, ನೆಲದೊಡೆಯನಿಗೂ ಅಗೆಯುವವನಿಗೂ ಅಲ್ಲಿಯ ಕಾನೂನು ಹೇಳುವ ಮಾತು ಇಷ್ಟೆ: ಇದು ನಿಧಿಯಲ್ಲ.

ಇನ್ನು, ನೆಲವನ್ನು ಅಗೆಯುವುದಕ್ಕೆ ಮೊದಲು ಅಗೆಯಬೇಕಾದ ಇನ್ನೊಂದು ಸ್ಥಳವುಂಟು. ಅದು ಕಾಗದದ ರಾಶಿ. ಬ್ರಿಟಿಷ್ ವಾಯುಸೇನೆಯ ಪ್ರತಿಯೊಂದು ವಿಮಾನಕ್ಕೂ ಒಂದೊಂದು ಚೀಟಿ ಇರುತ್ತಿತ್ತು. ಅದನ್ನು ೭೮ನೆಯ ನಮೂನೆ ಎಂದು ಕರೆಯುತ್ತಿದ್ದರು. ವಿಮಾನ ಕಾರ್ಖಾನೆಯಿಂದ ಹೊರಟ ದಿನ, ಸೇರಿದ ತಂಡ, ಪಟ್ಟ ಪೆಟ್ಟು, ಆದ ದುರಸ್ತಿ, ಕಡೆಗೆ ಲೆಕ್ಕದಿಂದ ತೆಗೆದುಹಾಕಿದ ದಿನ, ಎಲ್ಲವನ್ನೂ ಅದರಲ್ಲಿ ಚುಟುಕಾಗಿ ಬರೆದಿಡುತ್ತಿದ್ದರು. ಇದು ವಿಮಾನದ ಜಾತಕ ಎಂದರೂ ಸಲ್ಲುವುದು, ಮರಣಪತ್ರ ಎಂದರೂ ಸಲ್ಲುವುದು. ಇದಲ್ಲದೆ ಪ್ರತಿಯೊಂದು ತಂಡವೂ ಘಟಕವೂ ತನ್ನ ಕಾರ್ಯಗಳ ದಿನಚರಿಯನ್ನು ಬರೆಯುತ್ತಿತ್ತು. ಆ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ದಣಿದ ಗುಮಾಸ್ತನೊಬ್ಬನು ರಾತ್ರಿಯ ದೀಪದಲ್ಲಿ ಬರೆದ ನಾಲ್ಕು ಪದಗಳು ಎಪ್ಪತ್ತು ವರ್ಷಗಳ ಬಳಿಕ ಒಂದು ದೊಡ್ಡ ಸಾಹಸವನ್ನು ನಿಲ್ಲಿಸಬಲ್ಲವು. ಬರ್ಮಾದ ಸ್ಪಿಟ್‌ಫೈರುಗಳ ವೃತ್ತಾಂತ ಇದನ್ನು ತೋರಿಸುತ್ತದೆ.

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದಲ್ಲಿ ಡೇವಿಡ್ ಕಂಡಲ್ ಎಂಬ ರೈತರಿದ್ದರು. ಹಳೆಯ ವಿಮಾನಗಳನ್ನು ಅಗೆದು ತೆಗೆಯುವುದರಲ್ಲಿ ಅವರಿಗೆ ಆಸಕ್ತಿ. ೧೯೯೬ರಲ್ಲಿ ಅವರ ಕಿವಿಗೆ ಒಂದು ಸುದ್ದಿ ಬಿತ್ತು. ಯುದ್ಧಕಾಲದಲ್ಲಿ ಬರ್ಮಾದಲ್ಲಿದ್ದ ಅಮೆರಿಕನ್ ಸೈನಿಕರು ಹೇಳಿದರೆಂದು ಸ್ನೇಹಿತರೊಬ್ಬರು ತಂದ ಸುದ್ದಿ ಅದು: ಯುದ್ಧ ಮುಗಿದಾಗ ಪೆಟ್ಟಿಗೆಗಳಲ್ಲಿ ಬಂದಿದ್ದ ಹೊಚ್ಚಹೊಸ ಸ್ಪಿಟ್‌ಫೈರುಗಳನ್ನು ಬಿಚ್ಚದೆಯೇ ರಂಗೂನಿನ ಹತ್ತಿರದ ಮಿಂಗಲಾದೋನ್ ವಿಮಾನ ನಿಲ್ದಾಣದಲ್ಲಿ ಹೂಳಿದರಂತೆ. ಬೀಟೆಮರದಂಥ ಗಟ್ಟಿ ಮರ ಬೆಳೆಯುವ ನಾಡು, ತೇಗದ ಹಲಗೆಗಳ ನಡುವೆ, ಎಣ್ಣೆ ಬಳಿದ ಕಾಗದ ಸುತ್ತಿಕೊಂಡು ಹತ್ತಾರು ವಿಮಾನಗಳು ಮಲಗಿವೆಯಂತೆ. ಕೇಳಿದವರು ಯಾರಿಗೆ ತಾನೆ ಮನಸ್ಸು ಕುಣಿಯದು? ಕಂಡಲರು ಹದಿನಾರು ವರ್ಷಗಳನ್ನೂ ತಮ್ಮ ಸ್ವಂತ ಹಣವನ್ನೂ ಇದಕ್ಕಾಗಿ ವೆಚ್ಚಮಾಡಿದರು. ಮತ್ತೆ ಮತ್ತೆ ಬರ್ಮಾಕ್ಕೆ ಹೋಗಿಬಂದರು. ಕಂಡೆವೆಂದು ಹೇಳುವ ವೃದ್ಧ ಸೈನಿಕರನ್ನು ಹುಡುಕಿ ಅವರ ಮಾತುಗಳನ್ನು ಬರೆದುಕೊಂಡರು.

೨೦೧೨ರಲ್ಲಿ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರನ್ ಬರ್ಮಾಕ್ಕೆ ಹೋದಾಗ ಅಲ್ಲಿಯ ಅಧ್ಯಕ್ಷರೊಂದಿಗೆ ಈ ವಿಷಯವನ್ನು ಪ್ರಸ್ತಾಪಿಸಿದರು. ಬರ್ಮಾ ಸರ್ಕಾರದೊಡನೆ ಒಪ್ಪಂದವಾಯಿತು. ಯುದ್ಧದ ಆಟಗಳನ್ನು ತಯಾರಿಸುವ ವಾರ್‌ಗೇಮಿಂಗ್ ಎಂಬ ಸಂಸ್ಥೆ ಹಣ ಕೊಡಲು ಮುಂದೆ ಬಂದಿತು. ಪ್ರಾಕ್ತನ ಶೋಧಕರು, ಭೂಭೌತ ವಿಜ್ಞಾನಿಗಳು, ಯಂತ್ರಗಳು, ಪತ್ರಿಕೆಯವರು ಎಲ್ಲರೂ ಸೇರಿ ೨೦೧೩ರ ಜನವರಿಯಲ್ಲಿ ಮಿಂಗಲಾದೋನಿಗೆ ಬಂದಿಳಿದರು. ಅವರ ಜೊತೆಯಲ್ಲಿ ತೊಂಬತ್ತೊಂದು ವರ್ಷದ ಒಬ್ಬ ಹಳೆಯ ಸೈನಿಕರೂ ಇದ್ದರು. ಆ ನಿಲ್ದಾಣದಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಕಂಡಿದ್ದುದಾಗಿ ಅವರು ಹೇಳುತ್ತಿದ್ದರು. ಮಣ್ಣನ್ನು ತೋಡಿದರು. ಸಿಕ್ಕಿದುದು ತಂತಿಗಳು, ಕೊಳವೆಗಳು. ಉತ್ತರದ ಮಿಚ್ಚೀನಾದಲ್ಲಿ ಒಂದು ಪೆಟ್ಟಿಗೆ ಸಿಕ್ಕಿತೆಂದೂ ಅದರಲ್ಲಿ ಕೆಸರುನೀರು ತುಂಬಿದೆಯೆಂದೂ ವರ್ತಮಾನ ಬಂದು ಕೆಲವು ದಿನ ಆಸೆ ಚಿಗುರಿತು, ಅದೂ ಬಾಡಿತು. ಕೆಲವೇ ವಾರಗಳಲ್ಲಿ, ಅಲ್ಲಿ ಸ್ಪಿಟ್‌ಫೈರುಗಳಿಲ್ಲವೆಂದು ಹಣ ಕೊಟ್ಟ ಸಂಸ್ಥೆಯೂ ಶೋಧಕರೂ ಸಾರಿದರು.

ಅವರು ಹಾಗೆ ಸಾರಿದುದಕ್ಕೆ ಬರಿದಾದ ಹೊಂಡವೊಂದೇ ಕಾರಣವಾಗಿರಲಿಲ್ಲ. ದಫ್ತರುಗಳೂ ಅದನ್ನೇ ನುಡಿದವು. ರಂಗೂನಿನ ಬಂದರಿನಲ್ಲಿ ಸಾಮಾನನ್ನು ಇಳಿಸಿಕೊಳ್ಳುತ್ತಿದ್ದ ವಾಯುಸೇನೆಯ ೪೧ನೆಯ ಘಟಕದ ಲೆಕ್ಕದಲ್ಲಿ ೧೯೪೫-೪೬ರಲ್ಲಿ ಮೂರು ಹಡಗುಗಳಿಂದ ಬಂದ ವಿಮಾನಗಳು ಒಟ್ಟು ೩೭ ಮಾತ್ರ. ಅವುಗಳ ಪೆಟ್ಟಿಗೆಗಳಲ್ಲಿ ಒಂದರಲ್ಲಿಯೂ ಸ್ಪಿಟ್‌ಫೈರ್ ಇರಲಿಲ್ಲ. ಬಹುಭಾಗವನ್ನು ೧೯೪೬ರಲ್ಲಿ ಮತ್ತೆ ಹೊರಕ್ಕೆ ಸಾಗಿಸಿದಂತೆ ಕಾಣುತ್ತಿತ್ತು. ಬರ್ಮಾದ ಯುದ್ಧದಲ್ಲಿ ಕಾದಾಡಿದ ಸ್ಪಿಟ್‌ಫೈರುಗಳು ಹಾರಿಕೊಂಡೇ ಬಂದಿದ್ದುವು, ಪೆಟ್ಟಿಗೆಗಳಲ್ಲಿ ಬಂದುವಲ್ಲ. ಅಷ್ಟು ದೊಡ್ಡ ಹೊಂಡಗಳನ್ನು ತೋಡಿ ಹೂಳಲು ಬೇಕಾದ ಆಳು, ಯಂತ್ರ, ಮರಮುಟ್ಟುಗಳು ಆಗ್ಗೆ ಅಲ್ಲಿ ಬಿಡುವಾಗಿರಲೂ ಇಲ್ಲ. ಸ್ವತಂತ್ರವಾದಮೇಲೆ ಬರ್ಮಾ ತನ್ನ ವಾಯುಸೇನೆಗೆ ೧೯೫೦ರ ದಶಕದಲ್ಲಿ ಇಸ್ರೇಲಿನಿಂದ ಹಳೆಯ ಸ್ಪಿಟ್‌ಫೈರುಗಳನ್ನು ಹಣ ಕೊಟ್ಟು ತರಿಸಿಕೊಂಡಿತು ಎಂಬ ಸಂಗತಿಯನ್ನು ಇದರೊಡನೆ ಇಟ್ಟು ನೋಡಿದರೆ ಮುಗುಳುನಗೆ ಬರುತ್ತದೆ.

ಆದರೆ ನಗುವುದು ಸುಲಭ. ಕಂಡಲರು ಈ ತೀರ್ಮಾನವನ್ನು ಒಪ್ಪಲಿಲ್ಲ; ಅಗೆದ ಜಾಗವೇ ತಪ್ಪೆಂದರು. ಹದಿನಾರು ವರ್ಷ ಒಂದು ಆಸೆಯೊಡನೆ ಬಾಳಿದವರು ಒಂದು ವಾರದ ಹೊಂಡವನ್ನು ನೋಡಿ ಅದನ್ನು ಬಿಟ್ಟುಕೊಡಲಾರರು. ಆ ವೃದ್ಧ ಸೈನಿಕರೂ ಸುಳ್ಳು ಹೇಳಿದವರಲ್ಲ. ದೊಡ್ಡ ಪೆಟ್ಟಿಗೆಗಳನ್ನು ಅವರು ಕಂಡಿರಬಹುದು. ಯುದ್ಧ ಮುಗಿದ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೇನು ಕೊರತೆ? ಅದರೊಳಗಿನದು ಸ್ಪಿಟ್‌ಫೈರೆಂದು ಯಾರೋ ಅಂದಿರಬಹುದು. ಕಂಡುದು, ಕೇಳಿದುದು, ಊಹಿಸಿದುದು, ಇವು ಎಪ್ಪತ್ತು ವರ್ಷ ಒಂದೇ ಮನಸ್ಸಿನಲ್ಲಿ ಕೂಡಿದ್ದರೆ ಒಂದಕ್ಕೊಂದು ಬೆಸೆದುಕೊಳ್ಳುವುವು. ಹಾಳುದೇಗುಲದ ಅಂಗಳದಲ್ಲಿ ಸರ್ಪ ಕಾಯುವ ಕೊಪ್ಪರಿಗೆಯನ್ನು ಕಂಡೆನೆನ್ನುವ ಅಜ್ಜನ ಮಾತಿನಲ್ಲಿಯೂ ಹೀಗೆಯೇ, ಹಾವು ನಿಜ, ಅಂಗಳ ನಿಜ. ಕೊಪ್ಪರಿಗೆ ಮಾತ್ರ ಕೇಳಿದ ಕತೆ.

ಹಾಗಾದರೆ ಯುದ್ಧದ ಕೊನೆಯಲ್ಲಿ ಆ ವಿಮಾನಗಳ ಗತಿ ನಿಜವಾಗಿ ಏನಾಯಿತು? ಇದಕ್ಕೆ ಒಂದು ಉತ್ತರ ಭಾರತದಲ್ಲಿಯೇ, ಕಾನ್ಪುರದ ಬಳಿಯ ಚಕೇರಿಯಲ್ಲಿತ್ತು. ಅಮೆರಿಕ ದೇಶವು ಯುದ್ಧಕಾಲದ ಸಾಲ-ಬಾಡಿಗೆಯ ಏರ್ಪಾಟಿನಲ್ಲಿ ಬ್ರಿಟನ್ನಿಗೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ದೊಡ್ಡ ಬಾಂಬು ವಿಮಾನಗಳನ್ನು ಕೊಟ್ಟಿತ್ತು. ೧೯೪೫ರ ಸೆಪ್ಟೆಂಬರಿನಲ್ಲಿ ಆ ಏರ್ಪಾಟು ಮುಗಿಯಿತು. ಹಿಂದಕ್ಕೆ ಕೊಡಬೇಕು, ಇಲ್ಲವೆ ಹಣ ತೆರಬೇಕು, ಇಲ್ಲವೆ ಇನ್ನಾರಿಗೂ ಒದಗದಂತೆ ಕೆಡಿಸಬೇಕು. ಬಹುದೂರದ ಇಲ್ಲಿಂದ ಹಳೆಯ ವಿಮಾನಗಳನ್ನು ಹಿಂದಕ್ಕೆ ಒಯ್ಯುವ ಗೊಡವೆ ಅಮೆರಿಕನರಿಗೆ ಬೇಕಿರಲಿಲ್ಲ. ಬ್ರಿಟಿಷರು ಅವನ್ನು ಚಕೇರಿಯ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಎಂಜಿನ್ನುಗಳಿಗೆ ಮರಳು ಹಾಕಿ, ಉಪಕರಣಗಳನ್ನು ಒಡೆದು, ಮೈಗೆ ತೂತುಮಾಡಿ ಬಿಟ್ಟುಹೋದರು. ಹೂಳುವ ಶ್ರಮವನ್ನು ಯಾರೂ ಪಡಲಿಲ್ಲ. ಬಿಸಿಲು ಮಳೆಗಳು ಆ ಕೆಲಸವನ್ನು ನಿಧಾನವಾಗಿ ನೋಡಿಕೊಳ್ಳುವುವೆಂದು ಬಿಟ್ಟರು.

೧೯೪೮ರಲ್ಲಿ ಸ್ವತಂತ್ರ ಭಾರತದ ವಾಯುಸೇನೆಗೆ ದೊಡ್ಡ ಬಾಂಬು ವಿಮಾನಗಳು ಬೇಕಾದವು, ಕೊಳ್ಳಲು ಹಣವಿರಲಿಲ್ಲ. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಕರೆಬಂದಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ಆಡಳಿತದಲ್ಲಿ ನೂರಾರು ವಿಮಾನಗಳನ್ನು ಬಿಚ್ಚಿ ಕೂಡಿಸಿದ್ದ ಕೈಗಳು ಅಲ್ಲಿದ್ದವು. ನೀರಿನ ಮೇಲೆ ಇಳಿಯುವ ಕೆಟಲೈನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದ ಕಾಲವನ್ನು ಆ ಕೆಲಸಗಾರರು ಕಂಡಿದ್ದರು. ಅವರು ಚಕೇರಿಗೆ ಹೋಗಿ ಆ ಸಾಲುಗಳ ನಡುವೆ ನಡೆದಾಡಿ, ಇದರ ರೆಕ್ಕೆ, ಅದರ ಚಕ್ರ, ಇನ್ನೊಂದರ ಎಂಜಿನ್ ಎಂದು ಆರಿಸಿ, ಒಂದೊಂದು ವಿಮಾನವನ್ನೂ ಬೆಂಗಳೂರಿಗೆ ಒಮ್ಮೆ ಹಾರಿಬರುವಷ್ಟರಮಟ್ಟಿಗೆ ಸರಿಪಡಿಸಿದರು. ಕಾರ್ಖಾನೆಯ ಚಾಲಕ ಜಮ್‌ಶೆಡ್ ಮುನ್ಷಿಯವರು ಅವನ್ನು ಒಂದಾದಮೇಲೊಂದರಂತೆ ಹಾರಿಸಿಕೊಂಡು ತಂದರು. ಹಾಗೆ ತರುವುದೆಂದರೇನೆಂದು ಎಂಜಿನ್ನಿಗೆ ಮರಳು ಬಿದ್ದ ವಿಮಾನವನ್ನು ನೆನೆದುಕೊಂಡವರಿಗೆ ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಅವು ಪೂರ್ಣವಾಗಿ ಜೀರ್ಣೋದ್ಧಾರವಾದವು. ೧೯೪೮ರ ನವೆಂಬರ್ ೨ರಂದು ಅವುಗಳಿಂದಲೇ ಭಾರತೀಯ ವಾಯುಸೇನೆಯ ೫ನೆಯ ತಂಡ ಏರ್ಪಟ್ಟಿತು. ಒಟ್ಟು ಸುಮಾರು ನಲವತ್ತು ವಿಮಾನಗಳು ಹೀಗೆ ಮರುಹುಟ್ಟು ಪಡೆದು, ಕೆಲವು ೧೯೬೮ರವರೆಗೆ ಸೇವೆ ಮಾಡಿದವು. ಆಮೇಲೆ ಒಂದು ವಿಚಿತ್ರ ನಡೆಯಿತು. ಲಿಬರೇಟರುಗಳನ್ನು ಸಾವಿರಗಟ್ಟಲೆ ಕಟ್ಟಿದ್ದ ಅಮೆರಿಕವೂ ಅವುಗಳಲ್ಲಿ ಹಾರಿದ್ದ ಬ್ರಿಟನ್ನೂ ಕೆನಡವೂ ತಮ್ಮ ವಸ್ತುಸಂಗ್ರಹಾಲಯಗಳಲ್ಲಿ ಇಡಲು ಒಂದು ಒಳ್ಳೆಯ ವಿಮಾನವನ್ನು ಹುಡುಕಿ ಭಾರತದ ಕಡೆ ತಿರುಗಿದವು. ಲಂಡನ್ನಿನ ವಾಯುಸೇನಾ ಸಂಗ್ರಹಾಲಯಕ್ಕೆ ೧೯೭೪ರಲ್ಲಿ ಭಾರತ ಕೊಟ್ಟ ಲಿಬರೇಟರೂ, ಅಮೆರಿಕದ ಅರಿಜೋನದ ಪೀಮಾ ಸಂಗ್ರಹಾಲಯದಲ್ಲಿರುವುದೂ, ದೆಹಲಿಯ ಪಾಲಂನಲ್ಲಿರುವುದೂ ಹೀಗೆ ಉಳಿದು ಬಂದವು. ಕೆಡಿಸಿ ಬಿಟ್ಟುಹೋದವರ ಮಕ್ಕಳು ಅದನ್ನೇ ಕೈಜೋಡಿಸಿ ಪಡೆದರು. ಬರ್ಮಾದ ಮಣ್ಣಿನಲ್ಲಿ ಇಲ್ಲದ ನಿಧಿಗಾಗಿ ಜನ ಅಷ್ಟು ವರ್ಷ ಹಂಬಲಿಸಿದರು. ಚಕೇರಿಯ ಬಯಲಿನಲ್ಲಿ ಕಣ್ಣೆದುರಿಗೆ ಬಿದ್ದಿದ್ದುದನ್ನು ಕೆಲವು ಮಂದಿ ಕೆಲಸಗಾರರು ಸುಮ್ಮನೆ ಎತ್ತಿ ನಿಲ್ಲಿಸಿದರು.

ಇಷ್ಟಾದರೂ ಇದೆಲ್ಲ ಲೋಹದ ಕತೆ. ಇದರ ಇನ್ನೊಂದು ಮುಖ ಈಶಾನ್ಯದ ಬೆಟ್ಟಗಳಲ್ಲಿದೆ. ೧೯೪೨ರಿಂದ ೧೯೪೫ರವರೆಗೆ ಅಮೆರಿಕನರು ಅಸ್ಸಾಮಿನಿಂದ ಚೀನದ ಕುನ್‌ಮಿಂಗಿಗೆ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಸಾಮಾನು ಸಾಗಿಸುತ್ತಿದ್ದರು. ಆ ದಾರಿಯನ್ನು ಅವರು 'ಗೂನು' ಎಂದು ಕರೆಯುತ್ತಿದ್ದರು. ಮಂಜು, ಬಿರುಗಾಳಿ, ರೆಕ್ಕೆಗಳಿಗೆ ಹತ್ತುವ ಹಿಮ, ತಪ್ಪು ನಕ್ಷೆಗಳು ಇವುಗಳಿಂದ ಸುಮಾರು ೬೦೦ ವಿಮಾನಗಳು ಆ ದಾರಿಯಲ್ಲಿ ನಷ್ಟವಾದವು. ತಗಡುಗಳು ಕೆಳಗೆ ಮಿನುಗುತ್ತಿದ್ದುದರಿಂದ ಚಾಲಕರು ಅದಕ್ಕೆ ಅಲ್ಯೂಮಿನಿಯಂ ಹಾದಿಯೆಂದೂ ಹೆಸರಿಟ್ಟರು. ಕಾಡು ಅವನ್ನು ಮುಚ್ಚಿಕೊಂಡಿತು. ಬೇಟೆಗೆ ಹೋದ ಹಳ್ಳಿಗರ ಕಣ್ಣಿಗೆ ಬಿದ್ದುವುಗಳ ತಗಡು ಅವರ ಮನೆಗಳನ್ನು ಸೇರಿ ಪಾತ್ರೆಪದಾರ್ಥವಾ­ಯಿತು. ಇಂಗ್ಲೆಂಡಿನ ಗೃಹಿಣಿಯ ಬೋಗುಣಿ ವಿಮಾನವಾಯಿತು; ವಿಮಾನವು ಅರುಣಾಚಲದ ಗೃಹಿಣಿಯ ಬೋಗುಣಿಯಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಲೋಹಕ್ಕೆ ಯಾವ ಹೆಸರೂ ಇಲ್ಲ.

೧೯೪೪ರ ಜನವರಿ ೨೫ರಂದು ಕುನ್‌ಮಿಂಗಿನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟ ಒಂದು ಲಿಬರೇಟರ್ ಬಂದು ಸೇರಲಿಲ್ಲ. ಅದರಲ್ಲಿ ಎಂಟು ಮಂದಿ ಇದ್ದರು. ಅರವತ್ತೆರಡು ವರ್ಷಗಳಾದಮೇಲೆ, ೨೦೦೬ರಲ್ಲಿ, ತನ್ನ ಸ್ವಂತ ಶ್ರಮದಿಂದ ಇಂಥ ವಿಮಾನಗಳನ್ನು ಹುಡುಕುತ್ತಿದ್ದ ಒಬ್ಬ ಅಮೆರಿಕನನು ಹಳ್ಳಿಯ ಜನರನ್ನು ದಾರಿತೋರುವವರನ್ನಾಗಿ ಮಾಡಿಕೊಂಡು ಅರುಣಾಚಲದ ದಂರೋ ಊರಿನ ಮೇಲಿನ ಬೆಟ್ಟದಲ್ಲಿ ಅದನ್ನು ಕಂಡನು. ವಿಮಾನದ ಮೇಲಿನ ಅಂಕೆಗಳನ್ನು ದಫ್ತರಿನೊಡನೆ ಹೋಲಿಸಿ ಗುರುತು ಹಿಡಿದರು. ಆ ಬಳಿಕ ಅಮೆರಿಕ ಸರ್ಕಾರದ ಶೋಧಕರು ಬಂದರು. ಕಡಿದಾದ ಇಳಿಜಾರು, ಮಳೆ, ವರ್ಷದಲ್ಲಿ ಕೆಲವೇ ವಾರಗಳ ಅವಕಾಶ. ಜರಡಿ ಹಿಡಿದು ಮಣ್ಣನ್ನು ಸೋಸಿ ದೊರೆತ ಸ್ವಲ್ಪ ಅವಶೇಷವನ್ನು ೨೦೧೬ರ ಏಪ್ರಿಲಿನಲ್ಲಿ ದೆಹಲಿಯಿಂದ ಗೌರವದೊಡನೆ ಕಳುಹಿಸಿಕೊಟ್ಟರು. ಪರೀಕ್ಷೆಗಳಿಂದ ಅದು ಆ ಎಂಟು ಮಂದಿಯಲ್ಲಿ ರಾಬರ್ಟ್ ಆಕ್ಸ್‌ಫರ್ಡ್ ಎಂಬವನದೆಂದು ಗೊತ್ತಾಯಿತು. ೨೦೧೭ರಲ್ಲಿ ಜಾರ್ಜಿಯ ಸಂಸ್ಥಾನದ ಕಾನ್‌ಕರ್ಡ್ ಎಂಬ ತನ್ನ ಸಣ್ಣ ಊರಿನಲ್ಲಿ ಅವನು ಮಣ್ಣಾದನು. ಎಪ್ಪತ್ತಕ್ಕೂ ಹೆಚ್ಚು ವರ್ಷ ಅವನನ್ನು ಇಟ್ಟುಕೊಂಡಿದ್ದ ಬೆಟ್ಟದ ಮಣ್ಣು ಅವನನ್ನು ಅವನ ಊರಿನ ಮಣ್ಣಿಗೆ ಒಪ್ಪಿಸಿತು.

ಉಳಿದ ಏಳು ಮಂದಿಯ ಮನೆಗಳವರೂ ಆ ದಿನ ಅದನ್ನು ಕೇಳಿರಬಹುದು. ಅವರಿಗೆ ಅದು ಸಮಾಧಾನವಾಯಿತೋ ಸಂಕಟವಾಯಿತೋ ಹೊರಗಿನವರು ಹೇಳಲಾಗದು. ೨೦೨೩ರ ನವೆಂಬರಿನಲ್ಲಿ ಅರುಣಾಚಲದ ಪಾಸೀಘಾಟಿನಲ್ಲಿ ಈ ದಾರಿಯಲ್ಲಿ ಮಡಿದವರ ನೆನಪಿಗೆ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಕಾಡಿನಿಂದ ತಂದ ವಿಮಾನದ ಚೂರುಗಳು ಅಲ್ಲಿವೆ.

ಅಗೆಯುವವನ ಯೋಗ್ಯತೆ ತಿಳಿಯುವುದು ಅವನು ಏನನ್ನು ತೆಗೆದನೆಂಬುದರಿಂದ ಮಾತ್ರವೇ ಅಲ್ಲ, ತೆಗೆದುದನ್ನು ಯಾರಿಗೆ ಕೊಟ್ಟನೆಂಬುದರಿಂದಲೂ. ಎಂಜಿನ್ನನ್ನು ಉಜ್ಜಿ ಹೊಳೆಯಿಸಿ ಮನೆಯ ಮುಂದೆ ಇಟ್ಟುಕೊಂಡವನು ನಿಧಿಯನ್ನು ಪಡೆದನು. ಅವನ ಸಂತೋಷವನ್ನು ಆಕ್ಷೇಪಿಸಬೇಕಾಗಿಲ್ಲ. ಹಳೆಯ ಚೀಟಿಗಳಲ್ಲಿ ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು, ಇಂಥ ಹೊಲದ ಇಂಥ ಮೂಲೆಯಲ್ಲಿರುವವನು ಇಂಥ ಊರಿನ ಇಂಥವರ ಮಗನೆಂದು ಕಂಡುಹಿಡಿದು, ಗುದ್ದಲಿಯನ್ನು ಕೆಳಗಿಟ್ಟು ಮೊದಲು ಆ ಮನೆಗೆ ಕಾಗದ ಬರೆದವನು ನಿಕ್ಷೇಪವನ್ನು ಒಪ್ಪಿಸಿದನು. ಭೂಮಿಯು ಲೆಕ್ಕವಿಡುವುದಿಲ್ಲ, ಇಟ್ಟುದನ್ನು ಇಟ್ಟಂತೆ ಕಾಯುವುದಷ್ಟೇ ಅದರ ಕೆಲಸ. ಯಾರದೆಂದು ಕೇಳಿ ತಿಳಿದು ಹಿಂದಿರುಗಿಸುವ ಕೆಲಸವನ್ನು ಅದು ಮೇಲೆ ನಡೆದಾಡುವವರಿಗೆ ಬಿಟ್ಟಿದೆ.